ಠಾಕುರ್ಲಿಯ ಪವರ್‌ಹೌಸ್, ಕಲ್ಯಾಣದ ಬಂದರು: ನಿತ್ಯ ಆಡುವ ಇಂಗ್ಲಿಷ್ ಪದಗಳ ಗ್ರೀಕ್ ಬೇರು

ಮುಂಬೈನ ಮಧ್ಯ ರೈಲ್ವೆಯಲ್ಲಿ ಡೊಂಬಿವಲಿ ದಾಟಿದರೆ ಸಿಗುವುದು ಠಾಕುರ್ಲಿ, ಅದರ ಮುಂದೆ ಕಲ್ಯಾಣ. ಹೊಟ್ಟೆಪಾಡಿಗಾಗಿ ಕರಾವಳಿಯಿಂದ, ಉತ್ತರ ಕರ್ನಾಟಕದಿಂದ ಬಂದ ಸಾವಿರಾರು ಕನ್ನಡ ಕುಟುಂಬಗಳು ಈ ಸಾಲಿನ ಊರುಗಳಲ್ಲಿ ನೆಲೆಸಿವೆ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ಕಾಲೇಜು ಇರುವುದೂ ಠಾಕುರ್ಲಿಯಲ್ಲೇ. ಇಲ್ಲಿನ ಮಕ್ಕಳು ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತಾರೆ. ಈ ಮೂರರ ಜೊತೆಗೆ, ಗೊತ್ತಿಲ್ಲದೆಯೇ ಅವರು ನಾಲ್ಕನೆಯ ಭಾಷೆಯೊಂದನ್ನೂ ದಿನವಿಡೀ ಆಡುತ್ತಿರುತ್ತಾರೆ. ಅದು ಗ್ರೀಕ್.

ಎಲೆಕ್ಟ್ರಿಕ್, ಫೋಟೊ, ಫೋನ್, ಗ್ಯಾಸ್, ಪೆಟ್ರೋಲ್, ಕ್ಲಿನಿಕ್, ಜಿಮ್, ಮೆಟ್ರೊ, ಪ್ರೋಗ್ರಾಂ, ಐಡಿಯಾ... ಇವೆಲ್ಲವೂ ಇಂಗ್ಲಿಷ್ ಪದಗಳೆಂದೇ ನಾವು ಬಳಸುತ್ತೇವೆ. ಆದರೆ ಇವುಗಳ ತಾಯಿಬೇರು ಇಂಗ್ಲೆಂಡಿನಲ್ಲಿಲ್ಲ. ಹಾಗೆಂದು ಇಂಗ್ಲಿಷಿನಲ್ಲಿರುವುದೆಲ್ಲ ಗ್ರೀಕ್ ಎಂದೂ ತಿಳಿಯಬೇಕಿಲ್ಲ. ಸ್ಟೇಷನ್, ಸಿಗ್ನಲ್, ಲೋಕಲ್ ಇವು ಲ್ಯಾಟಿನ್ ಮೂಲದವು. ಪ್ಲಾಟ್‌ಫಾರ್ಮ್ ಮಾತ್ರ ಬೆರಕೆ: ಅದರ ಮೊದಲರ್ಧ 'ಚಪ್ಪಟೆ, ಅಗಲ' ಎಂಬ ಅರ್ಥದ ಗ್ರೀಕ್ ಪದ 'ಪ್ಲಾಟಿಸ್'ನಿಂದ ಫ್ರೆಂಚ್ ದಾರಿಯಲ್ಲಿ ಬಂದಿದೆ.

ಕರೆಂಟಿಗೆ ಹೆಸರು ಕೊಟ್ಟ ಮರದ ಅಂಟು

ಠಾಕುರ್ಲಿ ಎಂದರೆ ಹಳಬರಿಗೆ ನೆನಪಾಗುವುದು ರೈಲ್ವೆಯ ಪವರ್‌ಹೌಸ್. 1925ರ ಫೆಬ್ರವರಿ 3ರಂದು ಬಾಂಬೆ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಗೆ ದೇಶದ ಮೊದಲ ಎಲೆಕ್ಟ್ರಿಕ್ ರೈಲು ಓಡಿತು. ಮುಂದೆ ಜಿ.ಐ.ಪಿ. ರೈಲ್ವೆ ಘಾಟಿ ದಾಟಿ ಪುಣೆಯತ್ತ ವಿದ್ಯುತ್ ಮಾರ್ಗ ವಿಸ್ತರಿಸಿದಾಗ, ರೈಲುಗಳಿಗೆ ಕರೆಂಟು ಕೊಡಲು ಠಾಕುರ್ಲಿಯಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಎದ್ದಿತು. ಈಗ ಅದು ಮುಚ್ಚಿದೆ.

ಅಲ್ಲಿ ತಯಾರಾಗುತ್ತಿದ್ದ 'ಎಲೆಕ್ಟ್ರಿಸಿಟಿ'ಯ ಹೆಸರಿಗೂ ಕರೆಂಟಿಗೂ ಮೂಲದಲ್ಲಿ ಸಂಬಂಧವೇ ಇರಲಿಲ್ಲ. ಗ್ರೀಕ್ ಭಾಷೆಯಲ್ಲಿ 'ಎಲೆಕ್ಟ್ರಾನ್' ಎಂದರೆ ಅಂಬರ್, ಅಂದರೆ ಲಕ್ಷಾಂತರ ವರ್ಷ ನೆಲದಡಿ ಹುದುಗಿ ಕಲ್ಲಿನಂತೆ ಗಟ್ಟಿಯಾದ ಹಳದಿ ಬಣ್ಣದ ಮರದ ಅಂಟು. ಅದನ್ನು ಬಟ್ಟೆಗೆ ಉಜ್ಜಿದರೆ ಹುಲ್ಲಿನ ಚೂರು, ಹಕ್ಕಿಯ ಪುಕ್ಕ ಬಂದು ಅಂಟಿಕೊಳ್ಳುತ್ತಿದ್ದವು. 1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಅಯಸ್ಕಾಂತದ ಬಗ್ಗೆ ಲ್ಯಾಟಿನ್‌ನಲ್ಲಿ ಬರೆದ ಪುಸ್ತಕದಲ್ಲಿ, ಈ ಗುಣವಿರುವ ವಸ್ತುಗಳಿಗೆ 'ಅಂಬರಿನಂಥವು' ಎಂಬ ಅರ್ಥದಲ್ಲಿ 'ಎಲೆಕ್ಟ್ರಿಕಸ್' ಎಂಬ ಪದ ಬಳಸಿದ. ಅದೇ ಪದ ಇಂದು ಬಿಲ್ಲಿನ ಮೇಲೂ ಇದೆ, ಅಣುವಿನೊಳಗಿನ ಎಲೆಕ್ಟ್ರಾನ್ ಕಣಕ್ಕೂ ಇದೆ, ಅಂಗಡಿಯ ಎಲೆಕ್ಟ್ರಾನಿಕ್ಸ್ ಬೋರ್ಡಿಗೂ ಇದೆ.

ಸತ್ತ ಭಾಷೆಯಿಂದ ಹೊಸ ಪದ ಹುಟ್ಟಿದ್ದು ಹೇಗೆ?

ಗ್ರೀಕ್ ಪದಗಳು ಇಂಗ್ಲಿಷಿಗೆ ಮುಖ್ಯವಾಗಿ ಎರಡು ದಾರಿಯಲ್ಲಿ ಬಂದವು. ಮೊದಲನೆಯದು ಹಳೆಯ ದಾರಿ. ರೋಮನ್ನರು ಗ್ರೀಕರಿಂದ ಪದಗಳನ್ನು ಲ್ಯಾಟಿನ್‌ಗೆ ತಂದರು, ಲ್ಯಾಟಿನ್‌ನಿಂದ ಅವು ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಇಳಿದವು. ಹೀಗೆ ಬಂದವು ಸವೆದು ಗುರುತು ಸಿಗದಂತಾಗಿವೆ. ಬೆಣ್ಣೆಗೆ ಹೇಳುವ 'ಬಟರ್' ಗ್ರೀಕಿನ 'ಬೂಟಿರಾನ್'; ಅದರ ಅರ್ಥ 'ಹಸುವಿನ ಗಿಣ್ಣು'. ಕುರ್ಚಿಗೆ ಹೇಳುವ 'ಚೇರ್' ಅಲ್ಲಿನ 'ಕಥೆದ್ರಾ'. ಸರ್ಜರಿ ಎಂಬುದು 'ಖೈರೂರ್ಗಿಯಾ', ಅಂದರೆ ಕೈಕೆಲಸ.

ಎರಡನೆಯದು ಹೊಸ ದಾರಿ. ವಿಜ್ಞಾನ ಬೆಳೆದಂತೆ ಹೊಸ ವಸ್ತುಗಳಿಗೆ ಹೆಸರು ಬೇಕಾಯಿತು. ಆಗ ಯುರೋಪಿನ ಪಂಡಿತರು ಗ್ರೀಕ್ ಧಾತುಗಳನ್ನು ಜೋಡಿಸಿ ಪದ ಕಟ್ಟಿದರು. ಟೆಲಿಫೋನ್ ಎಂದರೆ 'ದೂರ' ಮತ್ತು 'ಧ್ವನಿ'. ಫೋಟೋಗ್ರಾಫ್ ಎಂದರೆ 'ಬೆಳಕು' ಮತ್ತು 'ಬರಹ'. ಸಾಕ್ರೆಟಿಸ್ ಎದ್ದು ಬಂದರೆ ಈ ಪದಗಳ ತುಂಡುಗಳು ಅವನಿಗೆ ಅರ್ಥವಾದಾವು, ವಸ್ತು ಮಾತ್ರ ಅರ್ಥವಾಗದು.

ಬೀದಿಯಲ್ಲಿ ಸಿಗುವ ಗ್ರೀಕ್

ಗ್ಯಾಸ್: 17ನೇ ಶತಮಾನದ ಫ್ಲೆಮಿಶ್ ವಿಜ್ಞಾನಿ ಯಾನ್ ಬ್ಯಾಪ್ಟಿಸ್ಟ್ ಫಾನ್ ಹೆಲ್ಮಾಂಟ್ ಕಟ್ಟಿದ ಪದ. ಆಕಾರವಿಲ್ಲದ ಶೂನ್ಯಕ್ಕೆ ಗ್ರೀಕರು ಹೇಳುತ್ತಿದ್ದ 'ಖಾಓಸ್' ಅವನಿಗೆ ಪ್ರೇರಣೆ. ಗದ್ದಲಕ್ಕೆ ನಾವು ಹೇಳುವ 'ಕೇಯಾಸ್' ಕೂಡ ಅದೇ ಪದ.

ಪೆಟ್ರೋಲ್: 'ಪೆಟ್ರಾ' ಎಂದರೆ ಬಂಡೆ, 'ಓಲಿಯಂ' ಎಂಬುದು ಎಣ್ಣೆಗೆ ಲ್ಯಾಟಿನ್ ಪದ. ಬಂಡೆಯೊಳಗಿನ ಎಣ್ಣೆ.

ಕೆರೊಸಿನ್: 1854ರಲ್ಲಿ ಕೆನಡಾದ ಅಬ್ರಹಾಂ ಗೆಸ್ನರ್ ಪೇಟೆಂಟ್ ಪಡೆದ ಇಂಧನ. 'ಕೆರೋಸ್' ಎಂದರೆ ಮೇಣ.

ಮೆಟ್ರೊ: 'ಮೆಟ್ರೊಪೊಲಿಸ್' ಎಂಬುದರ ಮೊಟಕು ರೂಪ. 'ಮೆಟೆರ್' ಎಂದರೆ ತಾಯಿ, 'ಪೊಲಿಸ್' ಎಂದರೆ ನಗರ. 1863ರಲ್ಲಿ ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆ, 1900ರಲ್ಲಿ ಪ್ಯಾರಿಸ್ಸಿನ ಮೆಟ್ರೊ ಬಂದ ಮೇಲೆ ಹೆಸರು ಜಗತ್ತಿಗೆ ಹರಡಿತು. ಥಾಣೆ-ಭಿವಂಡಿ-ಕಲ್ಯಾಣ ಮೆಟ್ರೊ ಎಂದಾಗಲೆಲ್ಲ ನಾವು ಹೇಳುತ್ತಿರುವುದು 'ತಾಯಿ' ಎಂಬ ಪದವನ್ನೇ. ಪೊಲೀಸ್, ಪಾಲಿಟಿಕ್ಸ್ ಎರಡೂ 'ನಗರ' ಎಂಬ ಆ ಇನ್ನೊಂದು ತುಂಡಿನ ಮಕ್ಕಳು.

ಸಿನಿಮಾ: 'ಕಿನೆಮಾ' ಎಂದರೆ ಚಲನೆ. ಲೂಮಿಯೇರ್ ಸಹೋದರರ 'ಸಿನಿಮಾಟೋಗ್ರಾಫ್' 1896ರ ಜುಲೈ 7ರಂದು ಮುಂಬೈನ ವಾಟ್ಸನ್ ಹೋಟೆಲಿಗೆ ಬಂತು. ಅದರೊಂದಿಗೆ ಪದವೂ ಭಾರತಕ್ಕೆ ಕಾಲಿಟ್ಟಿತು.

ಸ್ಕೂಲ್: 'ಸ್ಖೋಲೆ' ಎಂದರೆ ಬಿಡುವು. ದುಡಿಮೆಯಿಂದ ಬಿಡುವಿದ್ದವರು ಚರ್ಚೆಯಲ್ಲಿ ಕಳೆಯುತ್ತಿದ್ದ ಸಮಯ. ಬೆಳಗ್ಗೆ ಶಾಲೆ, ಸಂಜೆ ಟ್ಯೂಷನ್ ಎಂದು ಓಡುವ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದು ಕಷ್ಟ.

ಜಿಮ್: 'ಗಿಮ್ನೋಸ್' ಎಂದರೆ ಬೆತ್ತಲೆ. ಗ್ರೀಕರು ವ್ಯಾಯಾಮ ಮಾಡುತ್ತಿದ್ದುದೇ ಹಾಗೆ.

ಅಕಾಡೆಮಿ: ಅಥೆನ್ಸ್ ಬಳಿ ಅಕಾಡೆಮಸ್ ಎಂಬ ವೀರನ ಹೆಸರಿನ ತೋಪೊಂದಿತ್ತು. ಪ್ಲೇಟೊ ಪಾಠ ಹೇಳುತ್ತಿದ್ದುದು ಅಲ್ಲಿ. ಗಲ್ಲಿಗೊಂದರಂತೆ ಇರುವ ಕೋಚಿಂಗ್ ಅಕಾಡೆಮಿಗಳಿಗೆ ಹೆಸರು ಬಂದದ್ದು ಆ ತೋಪಿನಿಂದ.

ಗ್ರೀಕ್ ಹಡಗು ಕಲ್ಯಾಣಕ್ಕೇ ಬಂದಿತ್ತು

ಇವೆಲ್ಲ ಬ್ರಿಟಿಷರು ಹೊತ್ತು ತಂದ ಪದಗಳು. ಆದರೆ ಬ್ರಿಟಿಷರಿಗಿಂತ ಬಹಳ ಮೊದಲೇ ಗ್ರೀಕ್ ಭಾಷೆಯೇ ನೇರವಾಗಿ ಠಾಕುರ್ಲಿಯ ಮಗ್ಗುಲಿಗೆ ಬಂದಿತ್ತು. ಕ್ರಿ.ಶ. 1ನೇ ಶತಮಾನದಲ್ಲಿ ಈಜಿಪ್ಟಿನ ಗ್ರೀಕ್ ವ್ಯಾಪಾರಿಯೊಬ್ಬ ಹಿಂದೂ ಮಹಾಸಾಗರದ ಬಂದರುಗಳ ಬಗ್ಗೆ ಕೈಪಿಡಿಯೊಂದನ್ನು ಬರೆದ. 'ಪೆರಿಪ್ಲಸ್ ಆಫ್ ದಿ ಎರಿಥ್ರಿಯನ್ ಸೀ' ಎಂದು ಅದು ಹೆಸರಾಗಿದೆ. ಬರೆದವನ ಹೆಸರು ಉಳಿದಿಲ್ಲ. ಅದರಲ್ಲಿ ಸೊಪ್ಪಾರ, ಅಂದರೆ ಇಂದಿನ ನಾಲಾಸೊಪಾರ, ಮತ್ತು 'ಕಲ್ಲಿಯೇನಾ', ಅಂದರೆ ಕಲ್ಯಾಣ, ಎರಡೂ ಇವೆ.

ಕಲ್ಯಾಣದ ಬಗ್ಗೆ ಆತ ಹೇಳುವುದು ವ್ಯಾಪಾರ ಪೈಪೋಟಿಯ ಸುದ್ದಿ. ಶಾತವಾಹನ ದೊರೆಯ ಕಾಲದಲ್ಲಿ ಅದು ಕಾನೂನುಬದ್ಧ ಪೇಟೆಯಾಗಿತ್ತು. ಆಳ್ವಿಕೆ ಬದಲಾದ ಮೇಲೆ ಅಲ್ಲಿನ ವ್ಯಾಪಾರಕ್ಕೆ ತಡೆ ಬಿತ್ತು. ತಪ್ಪಿ ಆ ಕಡೆ ಹೋದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಬರಿಗಾಜಾ, ಅಂದರೆ ಗುಜರಾತಿನ ಭರೂಚ್ ಬಂದರಿಗೆ ಒಯ್ಯಲಾಗುತ್ತಿತ್ತು. 6ನೇ ಶತಮಾನದಲ್ಲಿ ಗ್ರೀಕ್‌ನಲ್ಲೇ ಬರೆದ ಕಾಸ್ಮಾಸ್ ಎಂಬಾತ ಹೆಸರಿಸುವ ದೊಡ್ಡ ವ್ಯಾಪಾರದ ಊರು 'ಕಲ್ಲಿಯಾನಾ'ವನ್ನೂ ಸಾಮಾನ್ಯವಾಗಿ ಇದೇ ಕಲ್ಯಾಣವೆಂದು ಗುರುತಿಸಲಾಗುತ್ತದೆ.

ಬಂದವರಲ್ಲಿ ಕೆಲವರು ಇಲ್ಲೇ ಉಳಿದರು. ಲೋಣಾವಳ ಬಳಿಯ ಕಾರ್ಲೆ ಗುಹೆಯ ಕಂಬಗಳ ಮೇಲೆ ದಾನ ಕೊಟ್ಟ 'ಯವನ'ರ ಹೆಸರುಗಳಿವೆ. ಜುನ್ನರ್, ನಾಸಿಕ್ ಗುಹೆಗಳಲ್ಲೂ ಯವನ ದಾನಿಗಳ ಶಾಸನಗಳಿವೆ. ಯವನ ಎಂಬ ಪದವೇ ಗ್ರೀಕರ ಅಯೋನಿಯಾ ಪ್ರದೇಶದ ಹೆಸರಿನಿಂದ ಪರ್ಷಿಯನ್ನರ ಮೂಲಕ ನಮಗೆ ಬಂದದ್ದು. ಕರ್ನಾಟಕವೂ ಗ್ರೀಕರಿಗೆ ಅಪರಿಚಿತವಾಗಿರಲಿಲ್ಲ. 2ನೇ ಶತಮಾನದ ಟಾಲೆಮಿ ತನ್ನ ಭೂಗೋಳ ಗ್ರಂಥದಲ್ಲಿ ಬನವಾಸಿಯನ್ನು ಹೆಸರಿಸಿದ್ದಾನೆ.

ಕನ್ನಡ ಬಾಯಲ್ಲೇ ಇರುವ ಗ್ರೀಕ್

ಈ ಒಡನಾಟದ ಗುರುತು ಕನ್ನಡದಲ್ಲೂ ಇದೆ, ಇಂಗ್ಲಿಷಿನ ಹಂಗಿಲ್ಲದೆ. ಜಿಲ್ಲಾ ಕೇಂದ್ರ, ಕೇಂದ್ರ ಸರ್ಕಾರ ಎನ್ನುವಾಗಿನ 'ಕೇಂದ್ರ' ಗ್ರೀಕಿನ 'ಕೆಂಟ್ರಾನ್'. ಅದಕ್ಕೆ ಮೊದಲಿದ್ದ ಅರ್ಥ ಎತ್ತು ಹೊಡೆಯುವ ಮುಳ್ಳುಗೋಲು, ಆಮೇಲೆ ವೃತ್ತ ಎಳೆಯುವ ಕೈವಾರದ ಮೊನೆ. ಖಗೋಳ, ಜ್ಯೋತಿಷದ ಲೆಕ್ಕಾಚಾರದ ಜೊತೆ ಅದು ಸಂಸ್ಕೃತಕ್ಕೆ ಬಂತು. ಇಂಗ್ಲಿಷಿನ 'ಸೆಂಟರ್' ಕೂಡ ಅದರದೇ ಕೂಸು. ಪಂಚಾಂಗದ 'ಹೋರಾ' ಮತ್ತು ಗಡಿಯಾರದ 'ಅವರ್' ಹೀಗೆಯೇ ಅಣ್ಣತಮ್ಮಂದಿರು. 6ನೇ ಶತಮಾನದ ವರಾಹಮಿಹಿರ ತನ್ನ ಬೃಹಜ್ಜಾತಕದಲ್ಲಿ ಹನ್ನೆರಡು ರಾಶಿಗಳಿಗೆ ಕ್ರಿಯ, ತಾವುರಿ, ಜಿತುಮ ಮುಂತಾದ ಹೆಸರುಗಳನ್ನೂ ಕೊಡುತ್ತಾನೆ. ಅವುಗಳಲ್ಲಿ ಹೆಚ್ಚಿನವು ಗ್ರೀಕ್ ಹೆಸರುಗಳ ಭಾರತೀಯ ಉಚ್ಚಾರ.

ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆಯುವ 'ಸುರಂಗ' ಗೊತ್ತಿಲ್ಲದ ಕರಾವಳಿಯವರಿಲ್ಲ. ಥಾಣೆಯಿಂದ ಕಲ್ಯಾಣಕ್ಕೆ ಹೋಗುವ ಹಳಿಯ ಮೇಲಿನ ಪಾರ್ಸಿಕ್ ಸುರಂಗವೂ ಅವರಿಗೆ ಪರಿಚಿತ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬರುವ 'ಸುರುಂಗಾ' ಎಂಬ ಈ ಪದ ಗ್ರೀಕಿನ 'ಸಿರಿಂಕ್ಸ್'ನಿಂದ, ಅಂದರೆ ಕೊಳವೆ ಎಂಬ ಪದದಿಂದ ಬಂದದ್ದೆಂದು ವಿದ್ವಾಂಸರು ಗುರುತಿಸುತ್ತಾರೆ. ಇಂಜೆಕ್ಷನ್ ಚುಚ್ಚುವ 'ಸಿರಿಂಜ್' ಕೂಡ ಅದೇ. ಕಾನೂನಿನ 'ಕಲಂ' ಬಂದದ್ದು ಅರಬ್ಬಿಯ ಲೇಖನಿ 'ಕಲಮ್'ನಿಂದ. ಅದರ ಹಿಂದಿರುವುದು ಗ್ರೀಕರ ಜೊಂಡಿನ ಲೇಖನಿ 'ಕಲಮೋಸ್'. ಮರಾಠಿಗರು ಬೆಲೆಗೆ ಹೇಳುವ 'ದಾಮ', ಬಡ್ಡಿ ಅಸಲನ್ನು ಮೀರಬಾರದೆಂಬ 'ದಾಮದುಪ್ಪಟ' ನಿಯಮದ 'ದಾಮ' ಎರಡರ ಹಿಂದೆಯೂ ಗ್ರೀಕ್ ನಾಣ್ಯ 'ದ್ರಖ್ಮೆ' ಇದೆ. ಥಾಣೆಯಿಂದ ಆಳಿದ ಶಿಲಾಹಾರರ ಶಾಸನಗಳಲ್ಲಿ ಅದು 'ದ್ರಮ್ಮ'ವಾಗಿ ಕಾಣುತ್ತದೆ.

ಹಡಗು ಬರಿದಾಗಿ ಹಿಂದಿರುಗಲಿಲ್ಲ. ನಮ್ಮ ಹಿಪ್ಪಲಿ, ಸಂಸ್ಕೃತದ ಪಿಪ್ಪಲಿ, ಗ್ರೀಕರ ಬಾಯಲ್ಲಿ 'ಪೆಪೆರಿ'ಯಾಗಿ, ಇಂಗ್ಲಿಷಿನಲ್ಲಿ 'ಪೆಪ್ಪರ್' ಆಯಿತು. ಪ್ರಾಕೃತದ 'ವೇರುಲಿಯ', ಅಂದರೆ ವೈಡೂರ್ಯ, 'ಬೆರಿಲ್ಲೋಸ್' ಆಗಿ 'ಬೆರಿಲ್' ಆಯಿತು. ಸಕ್ಕರೆ 'ಸಾಕ್ಖರಾನ್' ಆಯಿತು. ಸಿಹಿಗುಳಿಗೆಯ 'ಸ್ಯಾಕರಿನ್' ಎಂಬ ಹೆಸರಲ್ಲಿ ಅದು ಈಗಲೂ ಇದೆ.

ನುಡಿಗಟ್ಟಾದ ಕಥೆಗಳು

ಪದಗಳ ಜೊತೆ ಗ್ರೀಕ್ ಕಥೆಗಳೂ ಇಂಗ್ಲಿಷಿಗೆ, ಅಲ್ಲಿಂದ ಕನ್ನಡ ಪತ್ರಿಕೆಗಳಿಗೆ ಬಂದಿವೆ. 'ಪಂಡೋರಾ ಪೆಟ್ಟಿಗೆ' ಎಂದು ನಾವು ಬರೆಯುತ್ತೇವೆ. ಮೂಲ ಕಥೆಯಲ್ಲಿ ಪೆಟ್ಟಿಗೆಯೇ ಇಲ್ಲ! ಹೆಸಿಯಡ್ ಕವಿ ಹೇಳಿದ್ದು 'ಪಿಥೋಸ್', ಅಂದರೆ ಧಾನ್ಯ, ಎಣ್ಣೆ ತುಂಬಿಡುವ ದೊಡ್ಡ ಗುಡಾಣ. 16ನೇ ಶತಮಾನದಲ್ಲಿ ಎರಾಸ್ಮಸ್ ಅದನ್ನು ಲ್ಯಾಟಿನ್‌ಗೆ ತರುವಾಗ 'ಪಿಕ್ಸಿಸ್', ಅಂದರೆ ಕರಡಿಗೆ ಎಂದ. ಅಂದಿನಿಂದ ಗುಡಾಣ ಪೆಟ್ಟಿಗೆಯಾಯಿತು.

ಬಲಶಾಲಿಯ ಒಂದೇ ದುರ್ಬಲ ಜಾಗಕ್ಕೆ 'ಅಕಿಲಿಸ್ ಹಿಮ್ಮಡಿ' ಎನ್ನುತ್ತಾರೆ. ದುರ್ಯೋಧನನ ತೊಡೆಯ ಕಥೆ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. 'ಮಿಡಾಸ್ ಸ್ಪರ್ಶ'ವನ್ನು ಇಂದು ಹೊಗಳಿಕೆಯಾಗಿ ಬಳಸುತ್ತಾರೆ. ಕಥೆಯಲ್ಲಿ ಮಾತ್ರ ಮುಟ್ಟಿದ ಅನ್ನವೂ ಚಿನ್ನವಾಗಿ ದೊರೆ ಉಪವಾಸ ಬೀಳುತ್ತಾನೆ. ಕೋಚಿಂಗ್ ಜಾಹೀರಾತಿನ 'ಮೆಂಟರ್' ಹೋಮರನ ಒಡಿಸ್ಸಿ ಕಾವ್ಯದಲ್ಲಿ ಬರುವ ಒಬ್ಬ ಹಿರಿಯನ ಹೆಸರು. ಪ್ರತಿ ಜನವರಿಯಲ್ಲಿ ಮುಂಬೈನಲ್ಲಿ ನಡೆಯುವ 'ಮ್ಯಾರಥಾನ್' ಕ್ರಿ.ಪೂ. 490ರಲ್ಲಿ ಯುದ್ಧ ನಡೆದ ಬಯಲಿನ ಹೆಸರು. ಗ್ರೀಕಿನಲ್ಲಿ ಆ ಪದಕ್ಕೆ ಸೋಂಪು ಎಂದರ್ಥ. ಮೊಬೈಲ್‌ಗೆ ಒಳ್ಳೆಯ ಆ್ಯಪ್‌ನ ವೇಷದಲ್ಲಿ ನುಗ್ಗಿ ಬ್ಯಾಂಕ್ ಖಾತೆ ಬರಿದು ಮಾಡುವ 'ಟ್ರೋಜನ್'ಗೆ ಆ ಹೆಸರು ಬಂದದ್ದು ಟ್ರಾಯ್ ನಗರದೊಳಗೆ ಸೈನಿಕರನ್ನು ಹೊತ್ತು ಹೋದ ಮರದ ಕುದುರೆಯಿಂದ. ಉಡುಗೊರೆ ಎಂದು ಬಾಗಿಲು ತೆರೆದವರೇ ಕೆಟ್ಟರು ಎಂಬುದು ಎರಡೂ ಕಡೆ ನಿಜ.

ಒಂದಕ್ಷರದಲ್ಲಿ ಪ್ರಾಣದ ಪ್ರಶ್ನೆ

ಇದೆಲ್ಲ ತಿಳಿದು ಏನು ಪ್ರಯೋಜನ ಎನ್ನುವವರಿಗೆ ಉತ್ತರ ಆಸ್ಪತ್ರೆಯ ಕಾಗದದಲ್ಲಿದೆ. ವೈದ್ಯಕೀಯ ಪದಗಳಲ್ಲಿ ಹೆಚ್ಚಿನವು ಗ್ರೀಕ್. 'ಹೈಪರ್' ಎಂದರೆ ಮೇಲೆ, ಹೆಚ್ಚು. 'ಹೈಪೊ' ಎಂದರೆ ಕೆಳಗೆ, ಕಡಿಮೆ. ಕಿವಿಗೆ ಎರಡೂ ಒಂದೇ ಥರ ಕೇಳುತ್ತವೆ, ಚಿಕಿತ್ಸೆ ಮಾತ್ರ ತದ್ವಿರುದ್ಧ. 'ಹೈಪೊಗ್ಲೈಸೀಮಿಯಾ' ಎಂದರೆ ರಕ್ತದಲ್ಲಿ ಸಕ್ಕರೆ ಕಡಿಮೆಯಾಗಿದೆ ಎಂದರ್ಥ. 70 ಮಿಲಿಗ್ರಾಂಗಿಂತ ಕೆಳಗಿಳಿದು ರೋಗಿ ಬೆವರಿ ನಡುಗುತ್ತಿದ್ದರೆ, ನುಂಗುವಷ್ಟು ಎಚ್ಚರವಿದ್ದಾಗ ಕೂಡಲೇ ಸಕ್ಕರೆ ಕೊಡಬೇಕು. 'ಹೈಪರ್‌ಗ್ಲೈಸೀಮಿಯಾ' ಎಂದರೆ ಸಕ್ಕರೆ ಏರಿದೆ. ಊರಲ್ಲಿರುವ ಅಮ್ಮನ ರಿಪೋರ್ಟನ್ನು ಮಗ ಫೋನಿನಲ್ಲಿ ಓದಿಸಿಕೊಳ್ಳುವಾಗ ಈ ಒಂದಕ್ಷರ ತಪ್ಪಿದರೆ ಆಗುವ ಅನಾಹುತ ಸಣ್ಣದಲ್ಲ. ರಕ್ತದೊತ್ತಡ, ಥೈರಾಯ್ಡ್ ವಿಷಯದಲ್ಲೂ ಇದೇ ಮಾತು.

ಪದದ ಬಾಲವೂ ಮುಖ್ಯ. 'ಐಟಿಸ್' ಎಂದರೆ ಉರಿಯೂತ: ಗ್ಯಾಸ್ಟ್ರೈಟಿಸ್ ಹೊಟ್ಟೆಯದು, ಆರ್ಥ್ರೈಟಿಸ್ ಕೀಲಿನದು, ಹೆಪಟೈಟಿಸ್ ಯಕೃತ್ತಿನದು. 'ಟಮಿ' ಎಂದರೆ ಕೊಯ್ಯುವುದು, 'ಎಕ್ಟಮಿ' ಎಂದರೆ ಕೊಯ್ದು ತೆಗೆದುಹಾಕುವುದು, 'ಆಸ್ಟಮಿ' ಎಂದರೆ ಹೊರಕ್ಕೆ ಬಾಯಿ ಮಾಡುವುದು. 'ಹಿಸ್ಟೆರಾ' ಎಂದರೆ ಗರ್ಭಕೋಶ. ಹಾಗಾಗಿ 'ಹಿಸ್ಟೆರಾಟಮಿ' ಎಂದರೆ ಸಿಸೇರಿಯನ್‌ನಲ್ಲಿ ಮಾಡುವಂತೆ ಗರ್ಭಕೋಶವನ್ನು ಕೊಯ್ದು ತೆರೆಯುವುದು. 'ಹಿಸ್ಟೆರೆಕ್ಟಮಿ' ಎಂದರೆ ಗರ್ಭಕೋಶವನ್ನೇ ತೆಗೆಯುವುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಹೆಣ್ಣುಮಗಳಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು. ಪದದ ಬೇರು ವೈದ್ಯರಿಗೆ ಬದಲಿಯಲ್ಲ. ಆದರೆ ವೈದ್ಯರನ್ನು ಏನು ಕೇಳಬೇಕೆಂದು ಅದು ತಿಳಿಸುತ್ತದೆ.

ಕೀಲಿಕೈ ಮನೆಯಲ್ಲೇ ಇದೆ

ಇಂಗ್ಲಿಷ್ ಮಾಧ್ಯಮದ ಮಗುವಿಗೆ ಬಯಾಲಜಿ, ಜಿಯಾಗ್ರಫಿ, ಸೈಕಾಲಜಿ ಇವು ಬಾಯಿಪಾಠ ಮಾಡಬೇಕಾದ ಉದ್ದನೆಯ ಸದ್ದುಗಳು. ಕನ್ನಡ ಬಲ್ಲ ಮಗುವಿಗೆ ಹಾಗಾಗಬೇಕಿಲ್ಲ. ಇಂಗ್ಲಿಷ್ ಹೊಸ ಪದಕ್ಕಾಗಿ ಗ್ರೀಕಿನ ಮನೆಗೆ ಹೋದಂತೆ ಕನ್ನಡ ಸಂಸ್ಕೃತದ ಮನೆಗೆ ಹೋಯಿತು. ಎಷ್ಟೋ ಬಾರಿ ಅದೇ ಅಚ್ಚಿನಲ್ಲಿ ಪದ ಕಟ್ಟಿತು. ಟೆಲಿ ಎಂದರೆ ದೂರ, ಫೋನ್ ಎಂದರೆ ವಾಣಿ: ದೂರವಾಣಿ. ಬಯೊ ಎಂದರೆ ಜೀವ, ಲಜಿ ಎಂದರೆ ಶಾಸ್ತ್ರ: ಜೀವಶಾಸ್ತ್ರ. ಸೈಕೆ ಎಂದರೆ ಮನಸ್ಸು: ಮನಃಶಾಸ್ತ್ರ. ಡೆಮೋಸ್ ಎಂದರೆ ಪ್ರಜೆ, ಕ್ರಾಟೋಸ್ ಎಂದರೆ ಪ್ರಭುತ್ವ: ಪ್ರಜಾಪ್ರಭುತ್ವ. ಪೆಂಟಗನ್ನಿನ 'ಪೆಂಟೆ' ನಮ್ಮ ಪಂಚ, 'ಹೆಪ್ಟ' ಸಪ್ತ, 'ಆಕ್ಟೊ' ಅಷ್ಟ, 'ಡೆಕ' ದಶ. ಮರಾಠಿ ಬೋರ್ಡಿನ ಮೇಲಿನ 'ಕರ್ಕರೋಗ', ಇಂಗ್ಲಿಷಿನ 'ಕ್ಯಾನ್ಸರ್' ಎರಡೂ ಏಡಿಯ ಹೆಸರೇ. ಗ್ರೀಕ್ ವೈದ್ಯರು ಗೆಡ್ಡೆಯನ್ನು ಏಡಿಗೆ, ಅಂದರೆ 'ಕಾರ್ಕಿನೋಸ್'ಗೆ ಹೋಲಿಸಿದ್ದರು.

ಇಂಗ್ಲಿಷಿಗೆ ಅಡ್ಡಿಯಾದೀತೆಂದು ಮನೆಯ ಕನ್ನಡವನ್ನು ಬದಿಗಿಡುವ ಪಾಲಕರು ಇದನ್ನು ಗಮನಿಸಬಹುದು. ಮನೆಯಲ್ಲಿ ಕನ್ನಡ ಪುಸ್ತಕ, ಪತ್ರಿಕೆ ಓದುವ ಮಗುವಿಗೆ ಇಂಗ್ಲಿಷ್ ಪಠ್ಯದ ಕಠಿಣ ಪದದ ಅರ್ಥ ಬಹುಪಾಲು ಮೊದಲೇ ಗೊತ್ತಿರುತ್ತದೆ. ಜೋಡಿಸಿ ತೋರಿಸುವವರು ಬೇಕು, ಅಷ್ಟೇ.

ಹೋಲಿಕೆಯೆಲ್ಲ ನೆಂಟಸ್ತಿಕೆಯಲ್ಲ

ಒಂದು ಎಚ್ಚರಿಕೆಯೂ ಬೇಕು. ಇಂಗ್ಲಿಷ್ ಪದವೆಲ್ಲ ಸಂಸ್ಕೃತದಿಂದ, ಕನ್ನಡದಿಂದ ಹೋದದ್ದೆಂಬ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುತ್ತವೆ. ಎರಡು ಪದ ಹೋಲುವುದಕ್ಕೆ ಮೂರು ಕಾರಣಗಳಿರಬಹುದು. ಒಂದು, ಕೇಂದ್ರದಂತೆ ಸಾಲ ತಂದದ್ದು. ಎರಡು, ಪಂಚ-ಪೆಂಟೆಯಂತೆ ಒಂದೇ ಪೂರ್ವಜ ಭಾಷೆಯಿಂದ ಇಬ್ಬರಿಗೂ ಬಂದದ್ದು. ಮೂರು, ಬರೀ ಆಕಸ್ಮಿಕ. ಗ್ರೀಕಿನ 'ಥಿಯೋಸ್', ಸಂಸ್ಕೃತದ 'ದೇವ' ಎರಡಕ್ಕೂ ದೇವರೆಂದೇ ಅರ್ಥ, ಕೇಳಲೂ ಹತ್ತಿರ. ಆದರೂ ಅವೆರಡಕ್ಕೆ ಸಂಬಂಧವಿಲ್ಲ. 'ದೇವ'ದ ನಿಜವಾದ ನೆಂಟ ಗ್ರೀಕ್ ದೇವರಾಜ 'ಜ್ಯೂಸ್'ನ ಹೆಸರು.

ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ 2ನೇ ಶತಮಾನದ ಗ್ರೀಕ್ ಪ್ರಹಸನ. ಕಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದ ರಾಜನೊಬ್ಬನ ಕೈಗೆ ಸಿಕ್ಕಿರುತ್ತಾಳೆ. ಅವಳ ಅಣ್ಣ ರಾಜನಿಗೆ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ನಾಟಕದ ಭಾರತೀಯ ಪಾತ್ರಗಳು ಅರ್ಥವಾಗದ ಭಾಷೆಯೊಂದನ್ನು ಆಡುತ್ತವೆ. 1903ರಲ್ಲಿ ಈ ಪಠ್ಯ ಪ್ರಕಟವಾದ ಮರುವರ್ಷವೇ ಜರ್ಮನ್ ವಿದ್ವಾಂಸ ಹುಲ್ಟ್ಸ್, ಅದು ಕನ್ನಡವೆಂದು ವಾದಿಸಿದ. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಎಂ. ಗೋವಿಂದ ಪೈ ಈ ಪಠ್ಯದ ಬೆನ್ನು ಹತ್ತಿದರು. ಎಲ್.ಡಿ. ಬಾರ್ನೆಟ್ 1926ರಲ್ಲಿ ಅದನ್ನು ಒಪ್ಪಲಿಲ್ಲ. ಮುಂದೆ ಅದು ತುಳು ಎಂಬ ವಾದವೂ ಬಂತು. ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ.

ಆ ಸಾಲುಗಳು ಕನ್ನಡವಾಗಿರಲಿ, ತುಳುವಾಗಿರಲಿ, ಪ್ರೇಕ್ಷಕರನ್ನು ನಗಿಸಲು ಕಟ್ಟಿದ ಬರೀ ಸದ್ದೇ ಆಗಿರಲಿ, ಗ್ರೀಕ್ ಭಾಷೆಯೊಂದಿಗೆ ಪಶ್ಚಿಮ ಕರಾವಳಿಯ ವ್ಯವಹಾರ ಸಾಬೀತಾಗಲು ಅವು ಬೇಕಿಲ್ಲ. ಅದಕ್ಕೆ ಕಾರ್ಲೆಯ ಕಂಬಗಳಿವೆ, ಪೆರಿಪ್ಲಸ್‌ನಲ್ಲಿರುವ ಕಲ್ಯಾಣದ ಹೆಸರಿದೆ, ಕೇಂದ್ರ-ಸುರಂಗಗಳಂಥ ಪದಗಳು ನಮ್ಮ ನಾಲಿಗೆಯ ಮೇಲೇ ಇವೆ.